ದೆರೆಖ್ ಎರೆತ್ಸ್ ಅಂದರೆ ಏನು?

ಹೀಬ್ರೂ ಭಾಷೆಯಲ್ಲಿ ‘ದೆರೆಖ್’ ಅಂದರೆ ದಾರಿ, ‘ಎರೆತ್ಸ್’ ಅಂದರೆ ನೆಲ. ಸೇರಿಸಿದರೆ ‘ನೆಲದ ದಾರಿ’. ಆದರೆ ಬಳಕೆಯಲ್ಲಿ ಅರ್ಥ ಇನ್ನೂ ಜಾಸ್ತಿ. ಹೊಟ್ಟೆಪಾಡಿನ ದುಡಿಮೆಯೂ ದೆರೆಖ್ ಎರೆತ್ಸ್, ನಾಲ್ಕು ಜನರ ನಡುವೆ ಮರ್ಯಾದೆಯಿಂದ ನಡೆದುಕೊಳ್ಳುವುದೂ ಅದೇ. ಮುಂದೆ ಲೋಕದ ವಿದ್ಯೆಗೂ ಆ ಹೆಸರೇ ಬಂತು.

ಈ ಮಾತಿನ ಜೋಡಿ ‘ತೋರಾ’. ಅಂದರೆ ಯಹೂದಿಗಳ ಪವಿತ್ರ ಗ್ರಂಥವಾದ ಮೋಶೆಯ ಐದು ಪುಸ್ತಕಗಳು, ಅವುಗಳ ಸುತ್ತ ಬೆಳೆದ ಧರ್ಮವಿದ್ಯೆ. ತೋರಾದ ಜೊತೆ ದೆರೆಖ್ ಎರೆತ್ಸ್ ಇದ್ದರೆ ಚೆಂದ, ದುಡಿಮೆಯಿಲ್ಲದ ಓದು ಕೊನೆಗೆ ನಿಲ್ಲುವುದಿಲ್ಲ ಅನ್ನುತ್ತದೆ ‘ಪಿರ್ಕೆ ಅವೋತ್’ ಎಂಬ ಹಳೆಯ ಗ್ರಂಥ. ಅದರಲ್ಲೇ ಇನ್ನೊಂದು ಮಾತಿದೆ: ‘ಹಿಟ್ಟಿಲ್ಲದಿದ್ದರೆ ತೋರಾ ಇಲ್ಲ, ತೋರಾ ಇಲ್ಲದಿದ್ದರೆ ಹಿಟ್ಟಿಲ್ಲ.’ ಮೊದಲರ್ಧ ಹಸಿದವರಿಗೆಲ್ಲ ಗೊತ್ತು. ಎರಡನೆಯ ಅರ್ಧ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಓದು ಬಿಟ್ಟು ಬರೀ ಉಣ್ಣುವುದೇ ಆದರೆ ಆ ಊಟಕ್ಕೂ ರುಚಿಯಿಲ್ಲ, ಅಲ್ವಾ?

ಇದನ್ನು ಬದುಕಿ ತೋರಿಸಿದವರು 12ನೇ ಶತಮಾನದ ಮೈಮೊನಿಡಿಸ್. ದೊಡ್ಡ ಯಹೂದಿ ಧರ್ಮಪಂಡಿತರು. ಮನೆ ನಡೆಸುತ್ತಿದ್ದ ತಮ್ಮ ದಾವೀದ್ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಆಮೇಲೆ ಇವರ ಜೀವನ ನಡೆದಿದ್ದು ವೈದ್ಯಿಕೆಯಿಂದ. ತಮ್ಮ ದಿನಚರಿಯನ್ನು 1199ರ ಪತ್ರವೊಂದರಲ್ಲಿ ಬರೆದಿದ್ದಾರೆ. ಬೆಳಗ್ಗೆ ಮನೆಯಿದ್ದ ಫುಸ್ತಾತ್ ಊರಿನಿಂದ ಈಜಿಪ್ಟಿನ ಕೈರೋದ ಅರಮನೆಗೆ. ವಾಪಸ್ ಬರುವಾಗ ಮಧ್ಯಾಹ್ನ ದಾಟಿರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಮನೆ ತುಂಬ ರೋಗಿಗಳು. ಸ್ವಲ್ಪ ತಡೆಯಿರಿ ಎಂದು ಅವರನ್ನು ಬೇಡಿಕೊಂಡು ಒಂದು ತುತ್ತು ತಿನ್ನುತ್ತಾರೆ. ದಿನಕ್ಕೆ ಅದೊಂದೇ ಊಟ. ರಾತ್ರಿ ಹೊತ್ತಿಗೆ ಸುಸ್ತಾಗಿ ಮಲಗಿಕೊಂಡೇ ಔಷಧಿ ಹೇಳುತ್ತಾರೆ. ಊರ ಜನರಿಗೆ ಪಾಠಕ್ಕೆ ಸಿಗುವುದು ಶಬ್ಬತ್ ದಿನ, ಅಂದರೆ ಶನಿವಾರ ಮಾತ್ರ. ದುಡಿಯದೆ, ದಾನದ ಹಣದಲ್ಲಿ ಬದುಕುತ್ತಾ ತೋರಾ ಓದುವುದು ದೇವರ ಹೆಸರಿಗೇ ಅವಮಾನ ಅಂತ ಬರೆದವರೂ ಇವರೇ.

‘ತೋರಾ ಇಮ್ ದೆರೆಖ್ ಎರೆತ್ಸ್’ ಅನ್ನುವುದನ್ನು ಘೋಷಣೆ ಮಾಡಿದವರು ಜರ್ಮನಿಯ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಸ್ಯಾಮ್ಸನ್ ರಫಾಯೆಲ್ ಹಿರ್ಶ್ (1808–1888). ‘ಇಮ್’ ಅಂದರೆ ‘ಜೊತೆಗೆ’. 1853ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವರು ತೆರೆದ ಶಾಲೆಯಲ್ಲಿ ತೋರಾವನ್ನೂ ಲೋಕದ ವಿದ್ಯೆಯನ್ನೂ ಒಟ್ಟಿಗೆ ಕಲಿಸುತ್ತಿದ್ದರು. ಇದು ಎಲ್ಲ ಕಾಲಕ್ಕೂ ಸಲ್ಲುವ ದಾರಿಯೋ, ಆ ಹೊತ್ತಿನ ಅನಿವಾರ್ಯವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಡೀ ದಿನ ತೋರಾ ಓದುವುದೇ ಮೇಲು ಅನ್ನುವವರು ಇಂದಿಗೂ ಬಹಳ ಇದ್ದಾರೆ.

ನಮ್ಮ ಮಂಗಳೂರಿಗೂ ಈ ನೆಲದ ದಾರಿ ಬಂದಿತ್ತು. 1130ರ ದಶಕದಿಂದ ಹಲವು ವರ್ಷ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಲ್ಲಿದ್ದ. ಯೆಮೆನ್‌ನ ಅಡೆನ್ ಬಂದರಿನಿಂದ ಬಂದ ಗುಜರಿ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸಿ ಕಳಿಸುತ್ತಿದ್ದ. ಅವನಿಗೆ ಧರ್ಮಶಾಸ್ತ್ರವೂ ಗೊತ್ತಿತ್ತು, ಹೀಬ್ರೂ ಪದ್ಯಗಳನ್ನೂ ಬರೆಯುತ್ತಿದ್ದ. ಅಡೆನ್‌ನ ಗೆಳೆಯರು ಸರಕಿನ ಜೊತೆ ಅವನಿಗೆ ಉಡುಗೊರೆಯಾಗಿ ಕಳಿಸುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ, ಮತ್ತೆ ಬರೆಯುವ ಕಾಗದ.