ಹಳೆಯ ಮಿಯಾಟಾಗೆ ಹೊಸ ಸ್ಪ್ರಿಂಗ್: ಎಷ್ಟು ತಗ್ಗು, ಎಷ್ಟು ಗಡುಸು?

ಪ್ರಶ್ನೆ: ನನ್ನ ಬಳಿ 1990ನೆಯ ಮಾಡೆಲ್‌ನ ಮಾಜ್ದಾ ಮಿಯಾಟಾ ಇದೆ. ಸ್ಪ್ರಿಂಗ್‌ಗಳು ಕಾರಿನ ಜೊತೆಗೆ ಬಂದವೇ. ಈಚೆಗೆ ಕಾರು ಕೊಂಚ ಕುಸಿದಂತೆ ಕಾಣುತ್ತಿದೆ, ಸ್ಪ್ರಿಂಗ್ ಮೆತ್ತಗಾಗಿರಬೇಕು. 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಸೆಟ್ ಹಾಕಿಸಿದರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಯಾವ ಬಗೆಯದನ್ನು ಆರಿಸಲಿ? ಶಾಕ್ ಅಬ್ಸಾರ್ಬರ್‌ಗಳು ಹಳೆಯವೇ ಇರಬಹುದೇ?

ಉತ್ತರ: ಮೊದಲಿಗೆ 30 ಮಿ.ಮೀ. ಎಂಬ ಸಂಖ್ಯೆಯನ್ನು ಪಕ್ಕಕ್ಕಿಡಿ. ಹೊರ ಕಂಪನಿಗಳ ಸ್ಪ್ರಿಂಗ್ ಸೆಟ್‌ಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಸಾಮಾನ್ಯವಾಗಿ ಕಾರು ಎಷ್ಟು ತಗ್ಗುತ್ತದೆ ಎಂಬುದೇ. ಆದರೆ ಸ್ಪ್ರಿಂಗ್‌ನ ಗುಣವನ್ನು ನಿರ್ಧರಿಸುವುದು ಅದರ ರೇಟ್, ಅಂದರೆ ಅದನ್ನು ಒಂದು ಮಿಲಿಮೀಟರ್ ಅದುಮಲು ಬೇಕಾಗುವ ಬಲ. ತಗ್ಗಿಸುವ ಪ್ರಮಾಣಕ್ಕೂ ರೇಟ್‌ಗೂ ಹೊಂದಾಣಿಕೆ ಇದೆಯೇ ಎಂದು ನೋಡುವುದೇ ಆಯ್ಕೆಯ ತಿರುಳು, ಮತ್ತು ಮಾರುಕಟ್ಟೆಯಲ್ಲಿ ದೊರೆಯುವ ಹಲವು ಸೆಟ್‌ಗಳಲ್ಲಿ ನಿಮ್ಮ ಕಾರಿಗೆ ಬೇಕಾದ ಆ ಹೊಂದಾಣಿಕೆ ಇರುವುದಿಲ್ಲ.

ಇದಕ್ಕೆ ಕಾರಣ ಕಾರಿನ ವಿನ್ಯಾಸದಲ್ಲೇ ಇದೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಷೋನಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ ಕಾರನ್ನು ತೋಶಿಹಿಕೊ ಹಿರಾಯಿ ಅವರ ನೇತೃತ್ವದ ತಂಡ ರೂಪಿಸಿತು. ಸುಮಾರು 960 ಕೆ.ಜಿ. ತೂಕ, ಮುಂದಕ್ಕೂ ಹಿಂದಕ್ಕೂ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋದ ಭಾರ, ನಾಲ್ಕೂ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ವ್ಯವಸ್ಥೆ): ಅಂದಿನ ಬೆಲೆಯ ಕಾರಿಗೆ ಇದು ಉದಾರವಾದ ವಿನ್ಯಾಸವೇ. ಕಾರು ಹಗುರವಾದ್ದರಿಂದ ಮೂಲ ಸ್ಪ್ರಿಂಗ್‌ಗಳು ಸಾಕಷ್ಟು ಮೆತ್ತಗಿವೆ. ಬಾಡಿ ಕಾರ್ಖಾನೆಯಿಂದಲೇ ತಗ್ಗಾಗಿ ಬಂದಿರುವುದರಿಂದ, ಚಕ್ರ ಮೇಲಕ್ಕೆ ಚಲಿಸಿ ಬಂಪ್ ಸ್ಟಾಪ್‌ಗೆ, ಅಂದರೆ ಚಲನೆಯ ಕೊನೆಯಲ್ಲಿ ಅದನ್ನು ತಡೆಯುವ ಮೆತ್ತೆಗೆ, ತಾಗುವವರೆಗೆ ಉಳಿಯುವ ಜಾಗ ಮೊದಲಿಂದಲೂ ಕಡಿಮೆ. ಈ ಕಾರಿನಲ್ಲಿ ಜೋಪಾನ ಮಾಡಬೇಕಾದದ್ದು ಆ ಜಾಗವನ್ನು.

ಸ್ಪ್ರಿಂಗ್ ಮೆತ್ತಗಾಗಿರಬೇಕೆಂಬ ನಿಮ್ಮ ಊಹೆ ಸರಿಯಲ್ಲ, ಬಹುಮಂದಿ ಹಾಗೆಯೇ ತಿಳಿದಿದ್ದಾರೆ. ಉಕ್ಕಿನ ಸುರುಳಿ ಸ್ಪ್ರಿಂಗ್‌ನ ರೇಟ್ ಅವಲಂಬಿಸಿರುವುದು ತಂತಿಯ ದಪ್ಪ, ಸುರುಳಿಯ ವ್ಯಾಸ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಸ್ಥಿತಿಸ್ಥಾಪಕ ಗುಣ, ಈ ನಾಲ್ಕನ್ನು. ಇವುಗಳಲ್ಲಿ ಯಾವುದೂ ವರ್ಷಗಳು ಉರುಳಿದವೆಂದು ಬದಲಾಗುವುದಿಲ್ಲ. ಆಗುವುದೇನೆಂದರೆ, ದೀರ್ಘಕಾಲ ಭಾರ ಹೊತ್ತ ಸ್ಪ್ರಿಂಗ್ ತನ್ನ ಮೂಲ ಉದ್ದಕ್ಕೆ ಪೂರ್ತಿ ಮರಳದೆ ತುಸು ಗಿಡ್ಡವಾಗುತ್ತದೆ, ಕಾರು ಅಷ್ಟು ಕುಸಿಯುತ್ತದೆ, ರೇಟ್ ಮಾತ್ರ ಇದ್ದಷ್ಟೇ ಇರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ತುಕ್ಕು ಹಿಡಿದು ಕೆಳಗಿನ ಸುತ್ತು ಮುರಿಯುವುದೂ ಉಂಟು, ಅದನ್ನು ಕಣ್ಣಿಟ್ಟು ನೋಡಿ. ಕಾರು ತೇಲಿದಂತೆ, ತೊನೆದಂತೆ ಅನಿಸುತ್ತಿದ್ದರೆ ದೋಷ ಬಹುಪಾಲು ಶಾಕ್ ಅಬ್ಸಾರ್ಬರ್‌ನಲ್ಲಿ ಮತ್ತು ತೋಳುಗಳ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳಲ್ಲಿ ಇರುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಕ್ಯಾಟಲಾಗ್ ಹೇಳುವ ಇಳಿಕೆ ಕಾರ್ಖಾನೆಯ ಎತ್ತರದಿಂದ ಎಣಿಸಿದ್ದು, ಇಂದಿನ ಕುಸಿದ ಎತ್ತರದಿಂದಲ್ಲ. ಹಾಗಾಗಿ ಸೆಟ್ ಹಾಕಿದ ಮೇಲೆ ಕಣ್ಣಿಗೆ ಕಾಣುವ ವ್ಯತ್ಯಾಸ ನಿರೀಕ್ಷೆಗಿಂತ ಕಡಿಮೆ ಎನಿಸಬಹುದು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್‌ನ ಅಂಚಿಗೆ ನಾಲ್ಕು ಕಡೆಯೂ ಅಳೆದು ಬರೆದಿಟ್ಟುಕೊಂಡ ನಂತರವೇ ಮುಂದಿನ ಮಾತು.

ಸ್ಪ್ರಿಂಗ್‌ನ ಲೆಕ್ಕದಲ್ಲಿ ತಂತಿಯ ದಪ್ಪದ ಪ್ರಭಾವ ಅಚ್ಚರಿ ಹುಟ್ಟಿಸುವಷ್ಟಿದೆ. ರೇಟ್ ಅದರ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ ತಂತಿ ಶೇಕಡ 10 ದಪ್ಪವಾದರೆ ರೇಟ್ ಶೇಕಡ 46ರಷ್ಟು ಏರುತ್ತದೆ. ಆದ್ದರಿಂದ ನೋಡಲು ಒಂದೇ ತೆರನಾಗಿರುವ ಎರಡು ಸ್ಪ್ರಿಂಗ್‌ಗಳನ್ನು ಕಣ್ಣಳತೆಯಲ್ಲಿ ಹೋಲಿಸಬಾರದು. ಸುತ್ತುಗಳು ಕಡಿಮೆಯಾದರೂ ರೇಟ್ ಏರುತ್ತದೆ. ಆರು ಸುತ್ತಿನ ಸ್ಪ್ರಿಂಗ್‌ನಿಂದ ಒಂದನ್ನು ಕತ್ತರಿಸಿದರೆ ಅದು ಶೇಕಡ 20ರಷ್ಟು ಗಡುಸಾಗುತ್ತದೆ ಎಂಬ ಲೆಕ್ಕ ಹಿಡಿದು ಮೂಲ ಸ್ಪ್ರಿಂಗನ್ನೇ ಕತ್ತರಿಸುವವರಿದ್ದಾರೆ. ಗಿಡ್ಡವಾದ ಪ್ರಮಾಣಕ್ಕೆ ಆ ಏರಿಕೆ ಸಾಲದು, ಕತ್ತರಿಸಿದ ತುದಿ ಕೂರುವಲ್ಲಿ ಸರಿಯಾಗಿ ಕೂರದು, ಗ್ಯಾಸ್ ಕಟಿಂಗ್‌ನ ಶಾಖ ಉಕ್ಕಿನ ಹದವನ್ನೂ ಕೆಡಿಸುತ್ತದೆ. ಅದು ಬೇಡ.

ಈಗ ರೇಟ್ ಎಷ್ಟಿರಬೇಕು ಎಂಬ ಪ್ರಶ್ನೆ. ವಿಷ್‌ಬೋನ್ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಚಕ್ರದ ಮೇಲೆಯೇ ಕೂತಿರುವುದಿಲ್ಲ, ಕೆಳತೋಳಿನ ನಡುವೆ ಎಲ್ಲೋ ಕೂತಿರುತ್ತದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗುತ್ತದೆ ಎಂದಿಟ್ಟುಕೊಂಡರೆ ಅದರ ಅನುಪಾತ 0.7. ಚಲನೆಯೂ ಬಲವೂ ಎರಡೂ ಅದೇ ಪ್ರಮಾಣದಲ್ಲಿ ತಗ್ಗುವುದರಿಂದ ಚಕ್ರಕ್ಕೆ ದಕ್ಕುವ ರೇಟ್ ಸ್ಪ್ರಿಂಗ್‌ನ ರೇಟ್‌ನ 0.49 ಪಾಲು, ಅಂದರೆ ಅರ್ಧಕ್ಕಿಂತ ಕಡಿಮೆ. ಈ ಅನುಪಾತ ಕಾರಿನಿಂದ ಕಾರಿಗೆ, ಮುಂದಿನಿಂದ ಹಿಂದಕ್ಕೆ ಬೇರೆಯಾಗಿರುವುದರಿಂದ ಬೇರೊಂದು ಕಾರಿನ ಸ್ಪ್ರಿಂಗ್ ಸಂಖ್ಯೆಯನ್ನು ನಿಮ್ಮ ಕಾರಿನ ಸಂಖ್ಯೆಯ ಜೊತೆ ನೇರವಾಗಿ ಹೋಲಿಸುವುದರಲ್ಲಿ ಅರ್ಥವಿಲ್ಲ. ಮಿಯಾಟಾದ ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಗಡುಸಾಗಿರುವುದಕ್ಕೆ ಈ ಅನುಪಾತದ ವ್ಯತ್ಯಾಸವೂ ಒಂದು ಕಾರಣ.

ಇದಕ್ಕಾಗಿಯೇ ಎಂಜಿನಿಯರುಗಳು ಬಾಡಿ ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ಆಡುತ್ತದೆ ಎಂಬ ಆವರ್ತನದಲ್ಲಿ ಮಾತನಾಡುತ್ತಾರೆ. ಚಾಲಕನನ್ನೂ ಸೇರಿಸಿ, ಚಕ್ರ ಬ್ರೇಕ್‌ಗಳ ತೂಕ ಕಳೆದು, ಒಂದು ಮೂಲೆಯ ಮೇಲೆ 220 ಕೆ.ಜಿ. ಭಾರವಿದೆ ಎನ್ನಿ. ಆವರ್ತನ 1.3 ಹರ್ಟ್ಝ್ ಆಗಬೇಕಾದರೆ ಚಕ್ರದಲ್ಲಿ ಮಿಲಿಮೀಟರಿಗೆ ಸುಮಾರು 15 ನ್ಯೂಟನ್ ಬೇಕು. ಮೇಲಿನ 0.7 ಅನುಪಾತದಲ್ಲಿ ಅದು ಮಿಲಿಮೀಟರಿಗೆ 30 ನ್ಯೂಟನ್‌ನ ಸ್ಪ್ರಿಂಗ್, ಜಪಾನಿ ಕ್ಯಾಟಲಾಗ್‌ನ ಲೆಕ್ಕದಲ್ಲಿ ಮಿಲಿಮೀಟರಿಗೆ 3 ಕೆ.ಜಿ., ಅಮೆರಿಕದ ಲೆಕ್ಕದಲ್ಲಿ ಇಂಚಿಗೆ ಸುಮಾರು 170 ಪೌಂಡ್. ಆವರ್ತನ 1.6 ಹರ್ಟ್ಝ್‌ಗೆ ಏರಿದರೆ ಸ್ಪ್ರಿಂಗ್ 45 ನ್ಯೂಟನ್ ಆಗುತ್ತದೆ, ರಸ್ತೆಯಲ್ಲೂ ಓಡಿಸಿ ಆಗಾಗ ಟ್ರ್ಯಾಕಿಗೂ ಒಯ್ಯುವ ಕಾರಿಗೆ ಇದು ಒಪ್ಪುತ್ತದೆ. 2 ಹರ್ಟ್ಝ್ ಬೇಕೆಂದರೆ 70 ನ್ಯೂಟನ್ ದಾಟುತ್ತದೆ. ನಿತ್ಯದ ಪ್ರಯಾಣಕ್ಕೆ ಅದನ್ನು ನಾನು ಯಾರಿಗೂ ಸೂಚಿಸಲಾರೆ.

ಆಗಲೇ ಹೇಳಿದ ಜಾಗದ ವಿಷಯಕ್ಕೆ ಈ ಅಂಕಿಗಳನ್ನು ಹಚ್ಚಿ ನೋಡೋಣ. ರಸ್ತೆಯ ಉಬ್ಬು ಕೊಡುವ ಏಟಿನ ಶಕ್ತಿಯನ್ನು ಸ್ಪ್ರಿಂಗ್ ಕುಗ್ಗುತ್ತಾ ಹೀರಿಕೊಳ್ಳುತ್ತದೆ. ಹಾಗೆ ಹೀರುವ ಶಕ್ತಿ ರೇಟ್‌ಗೆ ನೇರ ಅನುಪಾತದಲ್ಲಿದ್ದರೆ, ಕುಗ್ಗುವ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಲೆಕ್ಕದ ಅನುಕೂಲಕ್ಕೆ, ಮೂಲ ಎತ್ತರದಲ್ಲಿ ಬಂಪ್ ಸ್ಟಾಪ್ ತಾಗುವವರೆಗೆ ಚಕ್ರಕ್ಕೆ 60 ಮಿ.ಮೀ. ಜಾಗವಿದೆ ಎನ್ನಿ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ದೂರ ಅರ್ಧವಾಯಿತು, ಅದೇ ಏಟನ್ನು ಬಂಪ್ ಸ್ಟಾಪ್ ತಾಗದಂತೆ ತಾಳಲು ರೇಟ್ ನಾಲ್ಕು ಪಟ್ಟು ಆಗಬೇಕು, ಅಂದರೆ 30 ನ್ಯೂಟನ್ ಇದ್ದದ್ದು 120. ಅದು ರೇಸ್ ಕಾರಿನ ಸ್ಪ್ರಿಂಗ್. ಆದರೆ 30 ಮಿ.ಮೀ. ತಗ್ಗಿಸುವ ಸಾಮಾನ್ಯ ಸೆಟ್‌ನ ರೇಟ್ ಮೂಲಕ್ಕಿಂತ ಶೇಕಡ 50 ಹೆಚ್ಚಿದ್ದರೆ ಅದೇ ದೊಡ್ಡದು. ಶೇಕಡ 50ರ ಏರಿಕೆ ನಿಜಕ್ಕೂ ಎಷ್ಟು ಇಳಿಕೆಗೆ ಸಾಲುತ್ತದೆ ಎಂದು ನೋಡಿದರೆ ಸುಮಾರು 11 ಮಿ.ಮೀ. ರೇಟ್ ದುಪ್ಪಟ್ಟಾದರೂ ಸುಮಾರು 18 ಮಿ.ಮೀ. ಮಾತ್ರ. ಉಳಿದದ್ದೆಲ್ಲ ಬಂಪ್ ಸ್ಟಾಪ್‌ನ ಮೇಲೆ ಹಾಕಿದ ಸಾಲ.

ಬಂಪ್ ಸ್ಟಾಪ್ ತಾಗಿದರೆ ಕುಲುಕಾಟ ಹೆಚ್ಚುತ್ತದೆ ಎಂಬುದಷ್ಟೇ ತೊಂದರೆಯಾಗಿದ್ದರೆ ಸಹಿಸಬಹುದಿತ್ತು. ತಿರುವಿನ ನಡುವೆ ಹೊರಗಿನ ಚಕ್ರ ಅದಕ್ಕೆ ತಾಗಿದೊಡನೆ ಆ ಮೂಲೆಯ ರೇಟ್ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಮುಂದೆ ತಾಗಿದರೆ ಕಾರು ತಿರುಗದೆ ನೇರಕ್ಕೆ ಎಳೆಯುತ್ತದೆ, ಹಿಂದೆ ತಾಗಿದರೆ ಹಿಂಭಾಗ ಸರಕ್ಕನೆ ಹೊರಗೆ ಜಾರುತ್ತದೆ. ಒದ್ದೆ ರಸ್ತೆಯಲ್ಲಿ ಈ ಎರಡನೆಯದು ಅಪಾಯಕಾರಿ. ವಿಚಿತ್ರವೆಂದರೆ, ಸದಾ ಬಂಪ್ ಸ್ಟಾಪ್‌ನ ಮೇಲೆಯೇ ಕೂತು ಓಡುವ ಕಾರು ಗಡುಸಾಗಿ, ಚುರುಕಾಗಿ ಇರುವಂತೆ ಭಾಸವಾಗುತ್ತದೆ. ಗೆಳೆಯರ ಮೆಚ್ಚುಗೆಯಲ್ಲಿ ಇದರ ಪಾಲು ಎಷ್ಟಿದೆಯೋ.

ಹಿಡಿತ ಹೆಚ್ಚುತ್ತದೆ ಎಂಬ ಮಾತನ್ನೂ ಅಳೆದು ನೋಡಬೇಕು. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೋಗುವ ಒಟ್ಟು ಭಾರವನ್ನು ನಿರ್ಧರಿಸುವುದು ಗುರುತ್ವ ಕೇಂದ್ರದ ಎತ್ತರ ಮತ್ತು ಚಕ್ರಗಳ ನಡುವಿನ ಅಗಲ. ಗಡುಸು ಸ್ಪ್ರಿಂಗ್ ಬಾಡಿಯ ಓಲಾಟವನ್ನು ತಗ್ಗಿಸುತ್ತದೆಯೇ ಹೊರತು ಆ ಭಾರವನ್ನಲ್ಲ. ಗುರುತ್ವ ಕೇಂದ್ರ ನೆಲದಿಂದ 450 ಮಿ.ಮೀ. ಎತ್ತರದಲ್ಲಿದೆ ಎಂದುಕೊಂಡರೆ 30 ಮಿ.ಮೀ. ಇಳಿಕೆಯಿಂದ ಆಗುವ ಲಾಭ ಶೇಕಡ 6 ಅಥವಾ 7. ಒಳ್ಳೆಯ ಟೈರ್ ಮತ್ತು ಸರಿಯಾದ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಿಕೆ) ಇದಕ್ಕಿಂತ ಹೆಚ್ಚು ಕೊಡುತ್ತವೆ.

ಸ್ಪ್ರಿಂಗ್‌ಗಳು ನಿಜವಾಗಿ ಬದಲಿಸುವುದು ಆ ಭಾರ ಮುಂದೆ ಹಿಂದೆ ಹೇಗೆ ಹಂಚಿಹೋಗುತ್ತದೆ ಎಂಬುದನ್ನು. ಹಿಂದಿನ ಚಕ್ರ ಎಳೆಯುವ ಹಗುರ ಕಾರಿನಲ್ಲಿ ಹಿಂದಿನ ಸ್ಪ್ರಿಂಗನ್ನು ಅತಿಯಾಗಿ ಏರಿಸಿದರೆ ಹಿಂಭಾಗ ಬೇಗ ಸಡಿಲುತ್ತದೆ. ಹಾಗೆಂದು ಹಿಂದಿನದನ್ನು ಮೆತ್ತಗೆ ಬಿಡುವುದೂ ಸರಿಯಲ್ಲ: 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಆಲಿ ತೋರಿಸಿಕೊಟ್ಟಂತೆ, ಉಬ್ಬನ್ನು ತಡವಾಗಿ ದಾಟುವ ಹಿಂಭಾಗದ ಆವರ್ತನ ಮುಂಭಾಗದ್ದಕ್ಕಿಂತ ತುಸು ಹೆಚ್ಚಿದ್ದರೆ ಅದು ಮುಂಭಾಗದ ಆಟವನ್ನು ಹಿಡಿಯುತ್ತದೆ, ಕಾರು ಮೂತಿ ತೂಗುವುದು ನಿಲ್ಲುತ್ತದೆ. ಒಂದೇ ತಯಾರಕರು ಮುಂದೆ ಹಿಂದೆ ಸೇರಿಸಿ ರೂಪಿಸಿದ ಜೋಡಿಯನ್ನು ಒಡೆಯದಿರುವುದು ಕ್ಷೇಮ.

ಶಾಕ್ ಅಬ್ಸಾರ್ಬರ್ ಹಳೆಯದೇ ಇರಬಹುದೇ ಎಂಬುದಕ್ಕೆ ಉತ್ತರ: ಬೇಡ. ಸ್ಪ್ರಿಂಗ್ ಕೂಡಿಟ್ಟ ಶಕ್ತಿಯನ್ನು ತಣಿಸುವುದು ಶಾಕ್‌ನ ಕೆಲಸ. ಅದೇ ಶಾಕ್ ಉಳಿಸಿಕೊಂಡು ಸ್ಪ್ರಿಂಗ್ ರೇಟನ್ನು ಶೇಕಡ 50 ಏರಿಸಿದರೆ ತಣಿಸುವ ಪ್ರಮಾಣ ಶೇಕಡ 18ರಷ್ಟು ಕುಗ್ಗುತ್ತದೆ, ದುಪ್ಪಟ್ಟಾಗಿಸಿದರೆ ಶೇಕಡ 29ರಷ್ಟು. ಅದೂ ಶಾಕ್ ಹೊಸದಾಗಿದ್ದರೆ. ಮೂವತ್ತು ವರ್ಷ ದಾಟಿದ ಶಾಕ್‌ನಲ್ಲಿ ಕುಗ್ಗಲು ಉಳಿದಿರುವುದೇ ಅಲ್ಪ. ಬಿಲ್‌ಸ್ಟೀನ್, ಕೋನಿ ಮುಂತಾದವರ ಶಾಕ್‌ಗಳು ಈ ಕಾರಿಗೆ ಇಂದಿಗೂ ಬಳಕೆಯಲ್ಲಿವೆ. ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ನಾನು ಶಾಕ್‌ಗಳನ್ನು ಬದಲಿಸಿ ಸ್ಪ್ರಿಂಗ್‌ಗಳನ್ನು ಹಾಗೆಯೇ ಬಿಡುತ್ತೇನೆ.

ಕ್ಯಾಟಲಾಗ್ ಓದುವಾಗ ರೇಟನ್ನು ಒಂದು ಸಂಖ್ಯೆಯಾಗಿ ಕೊಟ್ಟಿರುವ ಸ್ಪ್ರಿಂಗ್ ಮತ್ತು ಇಂತಿಷ್ಟರಿಂದ ಇಂತಿಷ್ಟಕ್ಕೆ ಎಂದು ಕೊಟ್ಟಿರುವ ಪ್ರೋಗ್ರೆಸಿವ್ ಸ್ಪ್ರಿಂಗ್, ಎರಡೂ ಎದುರಾಗುತ್ತವೆ. ಎರಡನೆಯದರಲ್ಲಿ ಹತ್ತಿರ ಸುತ್ತಿದ ಸುರುಳಿಗಳು ಭಾರಕ್ಕೆ ಒಂದಕ್ಕೊಂದು ಅಂಟಿ ಕೆಲಸದಿಂದ ಹೊರಬೀಳುತ್ತಾ ಹೋಗುವುದರಿಂದ ರೇಟ್ ಏರುತ್ತದೆ. ಕೆಲವು ಸ್ಪ್ರಿಂಗ್‌ಗಳಲ್ಲಿ ಈ ಸುರುಳಿಗಳು ಕಾರು ನೆಲಕ್ಕಿಳಿದ ಕೂಡಲೇ ಪೂರ್ತಿ ಅಂಟಿಬಿಡುತ್ತವೆ, ಆಮೇಲೆ ಉಳಿಯುವುದು ಸಾದಾ ಸ್ಪ್ರಿಂಗೇ. ಶಾಕ್‌ಗೆ ಹೊಂದಿಸುವುದು ಸುಲಭವೆಂಬ ಕಾರಣಕ್ಕೆ ನನ್ನ ಒಲವು ಒಂದೇ ರೇಟ್‌ನ ಕಡೆಗಿದೆ. ರೇಟನ್ನು ಹೇಳಲೊಲ್ಲದ ತಯಾರಕರಿಂದ ಮಾತ್ರ ಕೊಳ್ಳಬೇಡಿ.

ನಿಮ್ಮ ಕಾರಿಗೆ ನನ್ನ ಸಲಹೆ ಇಷ್ಟು: ಮೂಲಕ್ಕಿಂತ ಶೇಕಡ 40ರಿಂದ 50 ಹೆಚ್ಚು ರೇಟ್‌ನ, ಕಾರ್ಖಾನೆಯ ಎತ್ತರದಿಂದ 15 ಮಿ.ಮೀ. ಆಚೀಚೆ ಮಾತ್ರ ತಗ್ಗಿಸುವ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಮತ್ತು ಪುಡಿಯಾಗಿರಬಹುದಾದ ಹಳೆಯವುಗಳ ಬದಲು ಹೊಸ, ತುಸು ಗಿಡ್ಡನೆಯ ಬಂಪ್ ಸ್ಟಾಪ್. ಎರಡನೆಯ ತಲೆಮಾರಿನ ಮಿಯಾಟಾದ ಮೇಲಿನ ಮೌಂಟ್‌ಗಳನ್ನು, ಅಂದರೆ ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿದಿಡುವ ಭಾಗಗಳನ್ನು, ಹಾಕಿದರೆ ಇನ್ನಷ್ಟು ಜಾಗ ಸಿಗುತ್ತದೆ, ಈ ಕಾರಿನವರಲ್ಲಿ ಅದು ಹಳೆಯ ರೂಢಿ. ನೀವು ಕೊಳ್ಳುವ ಶಾಕ್‌ಗೆ ಅವು ಹೊಂದುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ. ನೀವಿರುವ ದೇಶದ ನಿಯಮವನ್ನೂ ನೋಡಿ: ಜಪಾನಿನಲ್ಲಿ ನೆಲದಿಂದ 9 ಸೆಂ.ಮೀ. ಅಂತರ ಉಳಿಯಲೇಬೇಕು, ಜರ್ಮನಿಯಲ್ಲಿ ಬದಲಿ ಸ್ಪ್ರಿಂಗ್‌ಗೆ ಪರೀಕ್ಷಾ ಪತ್ರ ಬೇಕು, ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಅದುಮಿಟ್ಟ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಕುತ್ತು, ಆದ್ದರಿಂದ ಬಿಚ್ಚುವ ಕೆಲಸವನ್ನು ಸ್ಪ್ರಿಂಗ್ ಅದುಮಿ ಹಿಡಿಯುವ ಸರಿಯಾದ ಕಂಪ್ರೆಸರ್ ಇರುವ ಗ್ಯಾರೇಜಿಗೇ ಬಿಡಿ. ತೋಳುಗಳ ಉದ್ದನೆಯ ಬೋಲ್ಟ್‌ಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಕೂತ ನಂತರವೇ ಅಂತಿಮವಾಗಿ ಬಿಗಿಯುವಂತೆ ಅವರಿಗೆ ಹೇಳಿ. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಬುಷ್‌ಗಳು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತವೆ, ಕಾರಿನ ಎತ್ತರವೂ ತಪ್ಪಾಗಿ ತೋರುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿ ಸ್ಪ್ರಿಂಗ್‌ಗಳು ಕೂತ ಮೇಲೆ ಮತ್ತೆ ನಾಲ್ಕೂ ಕಡೆ ಎತ್ತರ ಅಳೆದು, ಹಳೆಯ ಅಂಕಿಗಳ ಜೊತೆ ಹೋಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಈ ಕಾರಿನಲ್ಲಿ ಮುಂದೆಯೂ ಹಿಂದೆಯೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡನ್ನೂ ತಿದ್ದಲು ಅವಕಾಶವಿದೆ, ತಿದ್ದುವ ಬೋಲ್ಟ್‌ಗಳು ತುಕ್ಕಿನಿಂದ ಕಚ್ಚಿಕೊಂಡಿಲ್ಲದಿದ್ದರೆ.