ಕಪ್ಪು ಜನ ತೆರೆಯ ಮೇಲಿದ್ದಾರಲ್ಲ, ಮತ್ತೇನು ತಕರಾರು?

ಪ್ರಶ್ನೆ: ಅಮೆರಿಕದ ಮೈಕೆಲ್ ಮೂರ್ ಅವರಂಥ ಸಾಕ್ಷ್ಯಚಿತ್ರ ನಿರ್ದೇಶಕರು ಜನಾಂಗ ತಾರತಮ್ಯವನ್ನು ಖಂಡಿಸುವವರು. ಅವರ ಚಿತ್ರಗಳಲ್ಲಿ ಕಪ್ಪು ಜನರೂ ಬೇಕಾದಷ್ಟು ಕಾಣುತ್ತಾರೆ. ಆದರೂ ಇಂಥ ಸಾಕ್ಷ್ಯಚಿತ್ರಗಳು ಜನಾಂಗದ ವಿಷಯದಲ್ಲಿ ಎಡವುತ್ತವೆ ಎಂದು ಕೆಲವರು ಹೇಳುವುದೇಕೆ?

ಉತ್ತರ: ತಲೆ ಎಣಿಸಿದರೆ ನಿಮ್ಮ ಮಾತು ಸರಿ. ಆದರೆ ತೆರೆಯ ಮೇಲೆ ಬಂದವರಿಗೆ ಚಿತ್ರ ಯಾವ ಕೆಲಸ ಕೊಟ್ಟಿತು, ಯಾವಾಗ ಅವರನ್ನು ಕಳಿಸಿಬಿಟ್ಟಿತು ಎಂದೂ ನೋಡಬೇಕಾಗುತ್ತದೆ. ಮೂರ್ ಅವರ ‘ಫ್ಯಾರನ್‌ಹೀಟ್ 9/11’ ಚಿತ್ರವನ್ನೇ ತೆಗೆದುಕೊಳ್ಳೋಣ. ಅಧ್ಯಕ್ಷ ಜಾರ್ಜ್ ಬುಷ್ ಅವರನ್ನೂ ಅವರ ಇರಾಕ್ ಯುದ್ಧವನ್ನೂ ಖಂಡಿಸುವ, 2004ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ ಈ ಚಿತ್ರ ಅಮೆರಿಕದಲ್ಲೇ ಸುಮಾರು 11.9 ಕೋಟಿ ಡಾಲರ್ ಗಳಿಸಿತು. ರಾಜಕೀಯ ಸಾಕ್ಷ್ಯಚಿತ್ರವೊಂದಕ್ಕೆ ಜನ ಹೀಗೆ ಮುಗಿಬಿದ್ದದ್ದು ಅದಕ್ಕೆ ಮೊದಲು ಇರಲಿಲ್ಲ.

ಚಿತ್ರದ ಆರಂಭದ ಭಾಗದಲ್ಲೇ ಒಂದು ಅಪೂರ್ವ ದೃಶ್ಯವಿದೆ. 2001ರ ಜನವರಿ 6, ಅಮೆರಿಕದ ಸಂಸತ್ತಿನ ಜಂಟಿ ಅಧಿವೇಶನ. 2000ದ ಅಧ್ಯಕ್ಷ ಚುನಾವಣೆಯ ಫ್ಲಾರಿಡಾದ ಮತಗಳನ್ನು ಜಾರ್ಜ್ ಬುಷ್ ಲೆಕ್ಕಕ್ಕೆ ಸೇರಿಸಬಾರದೆಂದು ಸಂಸದರು ಒಬ್ಬರ ಹಿಂದೊಬ್ಬರು ಎದ್ದು ಆಕ್ಷೇಪಿಸುತ್ತಾರೆ. ಬಹುತೇಕರು ಕಪ್ಪು ವರ್ಣೀಯರು. ಪೀಠದಲ್ಲಿ ಕುಳಿತಿರುವವರು ಅದೇ ಚುನಾವಣೆಯಲ್ಲಿ ಸೋತ ಉಪಾಧ್ಯಕ್ಷ ಆಲ್ ಗೋರ್. ಆಕ್ಷೇಪ ಊರ್ಜಿತವಾಗಲು ಮೇಲ್ಮನೆಯ ಸದಸ್ಯ, ಅಂದರೆ ಒಬ್ಬ ಸೆನೆಟರ್‌ನ ಸಹಿ ಬೇಕು. ನೂರು ಸೆನೆಟರ್‌ಗಳಲ್ಲಿ ಒಬ್ಬರೂ ಸಹಿ ಹಾಕಿಲ್ಲ. ಸೆನೆಟರ್ ಸಹಿ ಇಲ್ಲದಿದ್ದರೆ ನನಗೇನೂ ಆಗಬೇಕಾಗಿಲ್ಲ ಎಂದು ಕಪ್ಪು ಸಂಸದೆ ಮ್ಯಾಕ್ಸಿನ್ ವಾಟರ್ಸ್ ಸಿಡುಕುತ್ತಾರೆ. ನಿಯಮಗಳಿಗೆ ಆಗಬೇಕಾಗಿದೆ ಎಂದು ಗೋರ್ ಉತ್ತರಿಸುತ್ತಾರೆ. ಒಬ್ಬೊಬ್ಬರೂ ಕೈಯಲ್ಲಿನ ಕಾಗದ ಮಡಚಿಕೊಂಡು ಹಿಂದಿರುಗಬೇಕಾಗುತ್ತದೆ. ಈ ದೃಶ್ಯವನ್ನು ದೇಶದ ಮುಂದಿಟ್ಟ ಶ್ರೇಯಸ್ಸು ಮೂರ್ ಅವರದೇ, ಅನುಮಾನವಿಲ್ಲ.

ಅಲ್ಲಿಂದ ಮುಂದೆ ಏನಾಯಿತು ನೋಡಿ. ಆ ಸಂಸದರು ಅಷ್ಟು ಹಟ ಹಿಡಿಯಲು ಕಾರಣವಿತ್ತು. ಫ್ಲಾರಿಡಾದಲ್ಲಿ ಕಪ್ಪು ಮತದಾರರ ಮತಪತ್ರ ತಿರಸ್ಕೃತವಾಗುವ ಸಂಭವ ಉಳಿದವರದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು ಹೆಚ್ಚಿತ್ತೆಂದು ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ 2001ರಲ್ಲೇ ವರದಿ ಮಾಡಿತ್ತು. ಮತದಾರರ ಪಟ್ಟಿಯಿಂದ ಹೆಸರು ಕಿತ್ತುಹಾಕಿದ ಸಂಗತಿಯನ್ನು ಚಿತ್ರ ಒಂದು ಚಟಾಕಿಯಲ್ಲಿ ಮುಗಿಸುತ್ತದೆ: ಯಾರನ್ನು ಕೈಬಿಡಬೇಕೆಂದು ಚರ್ಮದ ಬಣ್ಣ ನೋಡಿದರೆ ಗೊತ್ತಾಗುತ್ತದಂತೆ! ಮತ ಕಳೆದುಕೊಂಡ ಒಬ್ಬ ಫ್ಲಾರಿಡಾದವನೂ ಕ್ಯಾಮೆರಾ ಮುಂದೆ ಕುಳಿತು ತನ್ನ ಕಥೆ ಹೇಳುವುದಿಲ್ಲ. ಕಥೆ ಸೌದಿ ರಾಜಮನೆತನದತ್ತ, ತೈಲದತ್ತ ಹೊರಳುತ್ತದೆ. ಕಪ್ಪು ಸಂಸದರ ಸಿಟ್ಟು ಬುಷ್ ವಿರುದ್ಧದ ಮೊಕದ್ದಮೆಗೆ ಒಳ್ಳೆಯ ಪೀಠಿಕೆಯಾಯಿತು, ಅಷ್ಟೇ.

ಹಾಗೆಂದು ಇಡೀ ಚಿತ್ರವನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಪ್ಪು ಸಂಸದ ಜಾನ್ ಕಾನ್ಯರ್ಸ್ ಮುಂದೆ ಬಂದು, ನಾವು ಹೆಚ್ಚಿನ ಮಸೂದೆಗಳನ್ನು ಓದುವುದೇ ಇಲ್ಲವಪ್ಪ ಎಂದು ತಣ್ಣಗೆ ಹೇಳಿ ನಗಿಸುತ್ತಾರೆ. ಮೂರ್ ಹುಟ್ಟಿದ ಫ್ಲಿಂಟ್ ನಗರದ ಭಾಗವಂತೂ ಚೊಕ್ಕವಾಗಿದೆ. ಸೇನೆಗೆ ಹುಡುಗರನ್ನು ಹುಡುಕಿಕೊಂಡು ಬರುವ ಮರೀನ್‌ಗಳು (ಅಮೆರಿಕದ ಸೇನೆಯ ಒಂದು ದಳದವರು) ಸ್ಥಿತಿವಂತರ ಮಾಲ್ ಬಿಟ್ಟು ಬಡವರು ಹೋಗುವ ಮಾಲ್‌ನ ಪಾರ್ಕಿಂಗ್‌ನಲ್ಲಿ ಸುತ್ತುತ್ತಾರೆ. ಸಂಗೀತದ ಕನಸು ಕಾಣುವ ಕಪ್ಪು ಹುಡುಗನೊಬ್ಬ ಸಿಕ್ಕಾಗ, ಗಾಯಕ ಶ್ಯಾಗಿ ಕೂಡ ಮರೀನ್ ಆಗಿದ್ದವನೇ ಎಂದು ಪುಸಲಾಯಿಸುತ್ತಾರೆ. ತನ್ನ ಊರಿನ ವಿಷಯಕ್ಕೆ ಬಂದರೆ ಮೂರ್ ಕಣ್ಣು ಬಲು ಚುರುಕು.

ಊರು ದಾಟಿದ ಕೂಡಲೇ ಅದು ಮಂಜಾಗುತ್ತದೆ. ಇರಾಕ್ ಯುದ್ಧಕ್ಕೆ ಬೆಂಬಲ ಕೊಟ್ಟ ದೇಶಗಳನ್ನು ಗೇಲಿ ಮಾಡುವ ಭಾಗ ನೆನಪಿದೆಯೇ? ಕೋಸ್ಟರಿಕಕ್ಕೆ ಎತ್ತಿನ ಗಾಡಿ, ರೊಮೇನಿಯಕ್ಕೆ ರಕ್ತಪಿಶಾಚಿ, ಮೊರೊಕ್ಕೊಗೆ ಮಂಗಗಳು. ಐಸ್‌ಲ್ಯಾಂಡಿನ ವೈಕಿಂಗರೂ ನಗೆಪಾಟಲಾಗುವುದರಿಂದ ಇದು ಬರೀ ಬಣ್ಣದ ಮಾತಲ್ಲ ಎಂದು ವಾದಿಸಬಹುದು. ಆದರೆ ಸಾವಿರಾರು ಸೈನಿಕರನ್ನು ಕಳಿಸಿದ ಬ್ರಿಟನ್‌ಗೆ ಈ ಮೆರವಣಿಗೆಯಲ್ಲಿ ಜಾಗವೇ ಇಲ್ಲ. ಅದು ಬಂದಿದ್ದರೆ ನಗು ಹುಟ್ಟುತ್ತಿರಲಿಲ್ಲ.

ಪಟ್ಟಿಯಲ್ಲಿ ಪಲಾವ್ ಕೂಡ ಇದೆ. ಊಟದ ಪಲಾವಲ್ಲ, ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ. ಚಿತ್ರ ಬಂದಾಗ ಜನಸಂಖ್ಯೆ ಸುಮಾರು 20,000. ಅದಕ್ಕೆ ಸ್ವಂತ ಸೇನೆ ಇಲ್ಲ ಎಂಬುದೇ ಇಲ್ಲಿ ನಗುವಿನ ವಸ್ತು. ಸೇನೆ ಇಲ್ಲ, ನಿಜ. ಆದರೆ 1994ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಪಲಾವ್‌ನ ನಾಗರಿಕರು ಅಮೆರಿಕದ ಸೇನೆಗೆ ಸೇರಬಹುದು, ಸೇರುತ್ತಲೂ ಇದ್ದಾರೆ. ಅಂದರೆ ಫ್ಲಿಂಟ್‌ನ ಮಾಲ್ ಮುಂದೆ ನಿಂತ ಹುಡುಗನ ಪಾಡೇ ಅಲ್ಲಿನ ಹುಡುಗರದೂ. ಚಿತ್ರ ಒಬ್ಬನಿಗಾಗಿ ಮರುಗುತ್ತದೆ, ಇನ್ನೊಬ್ಬನ ನಾಡನ್ನು ನೋಡಿ ನಗುತ್ತದೆ. ನನಗೆ ಇಡೀ ಚಿತ್ರದಲ್ಲಿ ತೀರಾ ಚುಚ್ಚುವ ಜಾಗ ಇದು. ಮೊದಲ ಸಲ ನೋಡಿದಾಗ ನಾನೂ ನಕ್ಕಿದ್ದೆ.

ಇರಾಕಿನಲ್ಲಿ ಮನೆ ನೆಲಸಮವಾದ ಹೆಂಗಸೊಬ್ಬಳು ದೇವರಿಗೆ ಮೊರೆಯಿಟ್ಟು, ಮನೆ ಕೆಡವಿದವರನ್ನು ಶಪಿಸುತ್ತಾ ಕೆಲವು ಕ್ಷಣ ಬಂದುಹೋಗುತ್ತಾಳೆ. ಅದೇ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಫ್ಲಿಂಟ್‌ನ ಬಿಳಿಯ ತಾಯಿಗೆ ಮನೆಯಿದೆ, ಮಗನ ಕೊನೆಯ ಪತ್ರ ಓದುವಷ್ಟು ಪುರುಸೊತ್ತಿದೆ, ಶ್ವೇತಭವನದವರೆಗೆ ನಡೆದುಹೋಗುವಷ್ಟು ಸಮಯವಿದೆ. ಇಬ್ಬರದೂ ಸಂಕಟವೇ, ಒಬ್ಬಳದಕ್ಕೆ ಮಾತ್ರ ಹಿನ್ನೆಲೆ ಮುನ್ನೆಲೆ ಸಿಕ್ಕಿದೆ.

ಇದಕ್ಕೆ ದುರುದ್ದೇಶ ಹುಡುಕಬೇಕಾಗಿಲ್ಲ. ಚಿತ್ರದ ನಿರೂಪಣೆ ಒಂದೇ ದನಿಯದು, ಮೋಟಾರು ಕಾರ್ಖಾನೆಗಳ ಊರಿನಲ್ಲಿ ಹುಟ್ಟಿದ ಬಿಳಿಯ ಕಾರ್ಮಿಕನ ಮಗನದು. ಯಾವುದು ನಗು, ಯಾವುದು ಅಳು ಎಂದು ತೀರ್ಮಾನಿಸುವುದೂ ಆ ದನಿಯೇ. ಸಂಕಲನದ ಮೇಜಿನಲ್ಲಿ ಪಲಾವ್ ಬಲ್ಲವರೊಬ್ಬರು ಕುಳಿತಿದ್ದರೆ ಆ ತುಣುಕು ಉಳಿಯುತ್ತಿತ್ತೇ?

ಹೋಲಿಕೆಗೆ, ನಾಗರಿಕ ಹಕ್ಕುಗಳ ಚಳವಳಿಯನ್ನು ಕುರಿತ ‘ಐಸ್ ಆನ್ ದ ಪ್ರೈಜ಼್’ ಸರಣಿಯನ್ನು ನೋಡಿ. ಅದರ ರೂವಾರಿ ಹೆನ್ರಿ ಹ್ಯಾಂಪ್ಟನ್ ಕಪ್ಪು ವರ್ಣೀಯರು; ತಂಡಗಳನ್ನು ಕಟ್ಟುವಾಗ ಕಪ್ಪು ಮತ್ತು ಬಿಳಿಯ ನಿರ್ಮಾಪಕರನ್ನು ಬೇಕೆಂದೇ ಜೋಡಿ ಮಾಡಿದರು. ಅವರು ಜಗಳವಾಡಲಿ ಎಂಬುದೂ ಲೆಕ್ಕದಲ್ಲಿ ಇದ್ದಿರಬೇಕು. ನಿರೂಪಣೆಯ ದನಿ ಅದೇ ಚಳವಳಿಯಲ್ಲಿ ದುಡಿದ ಜೂಲಿಯನ್ ಬಾಂಡ್ ಅವರದು. 1987ರಲ್ಲಿ ಮೊದಲ ಆರು ಕಂತು, 1990ರಲ್ಲಿ ಇನ್ನೆಂಟು ಪ್ರಸಾರವಾದವು. ಆಮೇಲೆ ಹಳೆಯ ದೃಶ್ಯ ಮತ್ತು ಹಾಡುಗಳ ಪರವಾನಗಿ ಮುಗಿದು ಸರಣಿ ವರ್ಷಗಟ್ಟಲೆ ಪೆಟ್ಟಿಗೆ ಸೇರಿತು. ಟಿವಿಗೆ ಮರಳಿದ್ದು 2006ರಲ್ಲಿ. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಪಲಾವ್ ಬಂದಾಗ ನಿಮಗೆ ನಗು ಬಂತೇ ಎಂದು ಬರೆದು ತಿಳಿಸಿ.