ಆಸ್ತಿ ಜಗಳಕ್ಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ. ಪಾಲೂ ಬಿಡದೆ, ತವರೂ ಬಿಡದೆ ಇರೋಕೆ ಆಗುತ್ತಾ?

ಈ ಪ್ರಶ್ನೆ ಹೆಣ್ಣುಮಕ್ಕಳಿಂದ ಮತ್ತೆ ಮತ್ತೆ ಬರುತ್ತದೆ. ಊರು ಬೇರೆ, ಎಕರೆ ಲೆಕ್ಕ ಬೇರೆ, ಕಥೆ ಮಾತ್ರ ಒಂದೇ. ಅಪ್ಪ ತೀರಿಕೊಂಡರು. ಅಣ್ಣ ಫೋನ್ ಮಾಡಿ "ಪೌತಿ ಖಾತೆ ಮಾಡಿಸ್ಬೇಕು, ಅಪ್ಪನ ಹೆಸರಲ್ಲಿರೋ ಖಾತೆ ವಾರಸುದಾರರ ಹೆಸರಿಗೆ ಆಗ್ಬೇಕು, ಬಂದು ಒಂದು ಸೈನ್ ಹಾಕಿ ಹೋಗು" ಅಂದ. ಯಾವುದಕ್ಕೆ ಸೈನ್ ಅಂತ ಕೇಳಿದ್ದೇ ತಪ್ಪಾಯಿತು. ಆ ವರ್ಷದಿಂದ ಗೌರಿ ಹಬ್ಬಕ್ಕೆ ಬಾಗಿನ ಬರುವುದು ನಿಂತಿತು.

ಆಗುತ್ತದೆ. ಸುಲಭವಲ್ಲ, ಎಲ್ಲರಿಗೂ ಆಗುವುದೂ ಇಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಕರ್ನಾಟಕ 1994ರಲ್ಲೇ ಈ ತಿದ್ದುಪಡಿ ತಂದಿತ್ತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ಆ ಹೊತ್ತಿಗೆ ಅಪ್ಪ ಬದುಕಿರಬೇಕಿತ್ತಾ ಅನ್ನುವ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿ ಅಥವಾ ಕೋರ್ಟ್ ಡಿಕ್ರಿಯಿಂದ ಪಾಲಾಗಿದ್ದರೆ ಮಾತ್ರ ಈ ತಿದ್ದುಪಡಿ ಹಿಡಿದು ಅದನ್ನು ಕೆದಕಲು ಬರುವುದಿಲ್ಲ. ಅಪ್ಪ ಸ್ವಂತ ದುಡಿದು ಮಾಡಿದ್ದನ್ನು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಇಲ್ಲವಾದರೆ ಅಮ್ಮನಿಗೂ ಮಕ್ಕಳಿಗೂ, ಅಪ್ಪನ ತಾಯಿ ಇದ್ದರೆ ಅವರಿಗೂ ಸಮಪಾಲು.

ಇಷ್ಟು ಗೊತ್ತಿದ್ದವರೂ ರಾತ್ರಿ ನಿದ್ದೆ ಬಿಟ್ಟು ಕೊರಗುತ್ತಾರಲ್ಲ, ಯಾಕೆ? ನಮ್ಮ ಮನೆಯದ್ದೇ ಹೇಳುತ್ತೇನೆ.

ನಮ್ಮಪ್ಪ, ಸೋದರತ್ತೆ ಒಂಬತ್ತು ವರ್ಷ ಮಾತಾಡಿರಲಿಲ್ಲ. ತೆಂಗಿನ ತೋಟದ ವಿಷಯ. ಅದು ಗುಂಟೆ ಲೆಕ್ಕದ ಜಗಳ ಅಂತಲೇ ನಾವು ಮಕ್ಕಳೆಲ್ಲ ತಿಳಿದಿದ್ದೆವು. ಪಾಲಿನ ಮಾತಾದ ದಿನ ಜಗಲಿ ಮೇಲೆ ಚಾಪೆ ಹಾಸಿ ಗಂಡಸರು ಕೂತಿದ್ದರು, ಊರಿನ ಇಬ್ಬರು ಹಿರಿಯರು, ಸಾಲದ್ದಕ್ಕೆ ಏನೂ ಸಂಬಂಧವಿಲ್ಲದ ಪಕ್ಕದ ಮನೆಯವರು. ಅತ್ತೆ ಒಳಗೆ ಕಾಫಿ ಸೋಸುತ್ತಿದ್ದರು. ಎಷ್ಟೋ ವರ್ಷದ ಮೇಲೆ ನನ್ನ ಹತ್ತಿರ ಅಂದರು: "ತೋಟ ಕೊಡ್ಲಿಲ್ಲ ಅಂತಲ್ಲ ಕಣೋ. ಏಳು ಲೋಟ ಕಾಫಿ ತಗೊಂಡ್ಹೋದೆ. ಒಬ್ರೂ ನೀನೂ ಕೂತ್ಕೋ ಅನ್ಲಿಲ್ಲ."

ಅಪ್ಪನ ಹೊಟ್ಟೆಯೊಳಗೂ ಒಂದು ಸಂಕಟ ಇತ್ತು. ಅತ್ತೆ ಮದುವೆಗೆ ಮಾಡಿದ ಸೊಸೈಟಿ ಸಾಲವನ್ನು ಕಂತು ಕಂತಾಗಿ ತೀರಿಸಿದ್ದು ಅವರು. ಅಜ್ಜಿ ಹಾಸಿಗೆ ಹಿಡಿದ ಮೂರು ವರ್ಷ ಹೇಲು ಉಚ್ಚೆ ಬಳಿದಿದ್ದು ನಮ್ಮಮ್ಮ. ಅತ್ತೆ ಕಳಿಸಿದ ಲಾಯರ್ ನೋಟಿಸಿನಲ್ಲಿ ಸರ್ವೆ ನಂಬರ್ ಇತ್ತು, ಚಕ್ಕುಬಂದಿ ಇತ್ತು, ಇದ್ಯಾವುದೂ ಇರಲಿಲ್ಲ. ಇನ್ನು ನೆಂಟರೆಲ್ಲ ಸೇರಿ "ಅವಳೇ ಗಂಡನ ತಲೆ ಕೆಡಿಸಿದ್ದು" ಅಂತ ಅಮ್ಮನ ಮೇಲೆ ಹಾಕಿದರು. ಅವತ್ತು ಅಮ್ಮನೂ ಅಡುಗೆಮನೆಯಲ್ಲೇ ಇದ್ದರು, ಸಕ್ಕರೆ ಡಬ್ಬಿ ಹಿಡಿದುಕೊಂಡು.

ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆದಾಗ ಅತ್ತೆ ಬಂದರು. ತೋಟದ ಮಾತೆತ್ತಲಿಲ್ಲ. "ನನ್ನ ಮದ್ವೆ ಸಾಲ ಎಷ್ಟಿತ್ತಣ್ಣ?" ಅಂದರು, ಅಷ್ಟೇ. ಅಪ್ಪ ಬೀರುವಿನಿಂದ ರಸೀದಿ ಕಟ್ಟು ತೆಗೆಸಿ ನನ್ನ ಕೈಲಿ ಒಂದೊಂದಾಗಿ ಓದಿಸಿದರು. ಅತ್ತೆ ಪ್ರತಿಯೊಂದನ್ನೂ ಇಸ್ಕೊಂಡು ನೋಡಿ, ಅದೇ ಹಳೇ ಮಡಿಕೆಯಲ್ಲಿ ಮಡಿಸಿಟ್ಟರು. ಪಾಲಾಗಿದ್ದು ಒಂದೂವರೆ ವರ್ಷ ಬಿಟ್ಟು, ಅದೂ ಕಿತ್ತಾಡಿಕೊಂಡೇ. ಅತ್ತೆಯ ಗಂಡ ಇವತ್ತಿಗೂ ನಮ್ಮ ಮನೆಯಲ್ಲಿ ಊಟ ಮಾಡಲ್ಲ.

ಈಗ ನಿಮ್ಮ ವಿಷಯ. ಒಂದು ಪ್ರಶ್ನೆ ನಿಮಗೆ ನೀವೇ ಹಾಕಿಕೊಳ್ಳಿ, ಸುಳ್ಳು ಹೇಳಿಕೊಳ್ಳಬೇಡಿ: ನಾಳೆ ನಿಮ್ಮ ಪಾಲಿನ ಪೂರ್ತಿ ದುಡ್ಡಿನ ಚೆಕ್ ಪೋಸ್ಟಲ್ಲಿ ಬಂದರೆ ಸಿಟ್ಟು ಇಳಿಯುತ್ತಾ? ಇಳಿಯುತ್ತೆ ಅನ್ನಿಸಿದರೆ ಒಳ್ಳೇದೇ, ದುಡ್ಡು ಬೇಕು ಅನ್ನೋದು ಕೆಟ್ಟದ್ದೇನಲ್ಲ, ಲಾಯರ್ ಹತ್ತಿರ ಹೋಗಿ ಲೆಕ್ಕ ಮುಗಿಸಿ. ಇಳಿಯಲ್ಲ ಅನ್ನಿಸಿದರೆ ಮಾತ್ರ ನೀವು ಹುಡುಕುತ್ತಿರುವುದು ಬೇರೆ ಏನೋ, ಅದಕ್ಕೆ ಎದುರು ಕೂತೇ ಮಾತಾಡಬೇಕು. ವಾಟ್ಸಾಪ್ ಗ್ರೂಪಲ್ಲಿ ಅಂತೂ ಬೇಡವೇ ಬೇಡ.

ಇಬ್ಬರೇ ಕೂತರೆ ಕೈ ಕೈ ಮಿಲಾಯಿಸುವ ಹಾಗಿದ್ದರೆ ಮಧ್ಯಸ್ಥಿಕೆ ಕೇಂದ್ರಗಳಿವೆ. ಬೆಂಗಳೂರಿನದ್ದು 2007ರಲ್ಲಿ ಹೈಕೋರ್ಟ್ ಶುರು ಮಾಡಿದ್ದು, ಜಿಲ್ಲಾ ಕೋರ್ಟುಗಳಲ್ಲೂ ಇವೆ. ಊರ ಪಂಚಾಯ್ತಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇದೆ. ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ಆಮೇಲೆ ಬೇರೆ ಬೇರೆ ಕರೆದು ಕೇಳುತ್ತಾರೆ. ಅಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಸಾಕ್ಷಿ ಅಂತ ತರುವ ಹಾಗಿಲ್ಲ, ಹಾಗಾಗಿ ಬಾಯಿ ಬಿಡಲು ಧೈರ್ಯ ಬರುತ್ತದೆ. ಲಾಯರ್ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು.

ಒಂದು ಎಚ್ಚರ. ನಿಮ್ಮ ಸಹಿ ಫೋರ್ಜರಿ ಮಾಡಿದ್ದರೆ, ಕೈ ಮಾಡಿದ್ದರೆ, ಕದ್ದುಮುಚ್ಚಿ ಮಾರಲು ಹೊರಟಿದ್ದರೆ ಅಣ್ಣನ ಮನಸ್ಸು ಅರ್ಥ ಮಾಡಿಕೊಳ್ಳೋ ಕೆಲಸ ಆಮೇಲೆ. ಮೊದಲು ಕೋರ್ಟಿನಿಂದ ತಡೆ ತನ್ನಿ. ಹಾಗೇ, ಅಣ್ಣ ಕಣ್ಣೀರು ಹಾಕಿದ ಅಂತ ಕರಗಿ ಅವತ್ತೇ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಬೇಡಿ. ರಿಜಿಸ್ಟರ್ ಆದಮೇಲೆ ಅದನ್ನು ರದ್ದು ಮಾಡಿಸೋದು ಬಲು ಕಷ್ಟ.

ಅತ್ತಿಗೆಯೂ ಕೂರಲಿ ಅಂತ ನೀವೇ ಕರೆಯಿರಿ. ಅಪ್ಪನ ಕೊನೇ ದಿನಗಳ ಬಗ್ಗೆ ಕೇಳಿ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಪಹಣಿ ಜೆರಾಕ್ಸ್ ಈ ಸಲ ಬ್ಯಾಗಿನಲ್ಲಿ ಬೇಡ, ಮನೆಯಲ್ಲೇ ಇರಲಿ. ಎರಡನೇ ಸಲ ಹೋಗುವಾಗ ಬೇಕಾಗುತ್ತದೆ.